ಸಂಪಾದಕರ ಉತ್ತರ: ಕನ್ನಡಕ ಬೀರುವಿನಲ್ಲಿತ್ತು

ಸಾಗರದ ಓದುಗರೊಬ್ಬರ ಪತ್ರ: ‘ನಮ್ಮ ತಂದೆಗೆ 74 ವರ್ಷ, ನಿವೃತ್ತ ಮೇಷ್ಟ್ರು. ಬೈಪಾಸ್ ಆಗಲೇಬೇಕು ಎಂದಿದ್ದಾರೆ ವೈದ್ಯರು. ಪಕ್ಕದ ಮನೆಯ ಹಿರಿಯರು ಇಂಥದೇ ಆಪರೇಷನ್ ಆದ ಮೂರನೆಯ ದಿನ ಹೆಂಡತಿಯನ್ನೇ ಗುರುತಿಸಲಿಲ್ಲವಂತೆ. ಅದನ್ನು ಕೇಳಿದಾಗಿನಿಂದ ಅಮ್ಮ, ಎದೆ ಸರಿಯಾಗಿ ತಲೆ ಕೆಟ್ಟರೆ ಏನು ಬಂತು ಎಂದು ಹಟ ಹಿಡಿದಿದ್ದಾರೆ. ಆಪರೇಷನ್ ವೇಳೆ ಹೃದಯದ ಕೆಲಸ ಮಾಡುವ ಯಂತ್ರಕ್ಕೆ ಹಾಕಿದರೆ ಮಿದುಳು ಹಾಳಾಗುತ್ತದೆಯೇ?’

ಅಮ್ಮನದನ್ನು ಹಟ ಎನ್ನಬೇಡಿ. ಶಸ್ತ್ರವೈದ್ಯರನ್ನೂ ದಶಕಗಳಿಂದ ಕಾಡಿದ ಪ್ರಶ್ನೆ ಅದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 261 ಬೈಪಾಸ್ ರೋಗಿಗಳ ನೆನಪು, ಗಮನಗಳನ್ನು ಪರೀಕ್ಷಿಸಿ 2001ರಲ್ಲಿ ವರದಿ ಮಾಡಿದರು. ಮನೆಗೆ ಹೊರಡುವಾಗ ನೂರಕ್ಕೆ 53 ಮಂದಿಯಲ್ಲಿ ಕುಸಿತವಿತ್ತು; ಆರು ತಿಂಗಳಿಗೆ ಅದು 24ಕ್ಕೆ ಇಳಿಯಿತು; ಐದು ವರ್ಷಕ್ಕೆ ಮತ್ತೆ 42. ಈ ಕೊನೆಯ ಅಂಕಿಗೆ ಎಲ್ಲರೂ ಬೆಚ್ಚಿದರು. ಆದರೆ ಆಪರೇಷನ್ ಆಗದ ಹೃದ್ರೋಗಿಗಳ ಗತಿ ಏನೆಂದು ಅದರಲ್ಲಿ ಹೋಲಿಸಿರಲಿಲ್ಲ. ಮುಂದೆ ಅಲ್ಲಿಯದೇ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಹೋಲಿಸಿ ನೋಡಿದರೆ, ವರ್ಷಗಳ ಮೇಲಿನ ಕುಸಿತ ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ. ಹೃದಯದ ನಾಳ ಕಟ್ಟಿಸಿದ ಬಿಪಿ, ಸಕ್ಕರೆ, ಬೀಡಿ ಮಿದುಳಿನ ನಾಳವನ್ನು ಬಿಟ್ಟಾವೆಯೇ? ಆಪರೇಷನ್ನಿನ ವೇಳೆ ಪಾರ್ಶ್ವವಾಯು ತಗಲುವ ಅಪಾಯ ಬೇರೆಯೇ ಮಾತು; ತಂದೆಯವರ ಮಟ್ಟಿಗೆ ಅದೆಷ್ಟು ಎಂದು ವೈದ್ಯರನ್ನೇ ಕೇಳಿ.

ಪಕ್ಕದ ಮನೆಯವರಿಗೆ ಆದದ್ದು ಡೆಲಿರಿಯಮ್ ಇರಬೇಕು. ನಮ್ಮ ಅಜ್ಜಿಯರ ಬಾಯಲ್ಲಿ ಅದು ಸನ್ನಿ. ಅರಳುಮರಳಿನಂತೆ ವರ್ಷಗಟ್ಟಲೆ ನಿಧಾನಕ್ಕೆ ಬರುವುದಲ್ಲ. ಒಂದೆರಡು ದಿನದಲ್ಲೇ ಬರುತ್ತದೆ, ಬೆಳಿಗ್ಗೆ ಇಳಿದು ರಾತ್ರಿ ಏರುತ್ತದೆ, ಬಹುಮಂದಿಗೆ ಕೆಲವೇ ದಿನಗಳಲ್ಲಿ ಬಿಡುತ್ತದೆ. ಹಾಗೆಂದು ಕಡೆಗಣಿಸುವಂತಿಲ್ಲ. ಹೃದಯದ ಆಪರೇಷನ್ ಆದ, ಅರವತ್ತು ದಾಟಿದ 225 ಮಂದಿಯ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ನೂರಕ್ಕೆ 46 ಮಂದಿಗೆ ಸನ್ನಿ ಬಂದಿತ್ತು; ಆರು ತಿಂಗಳಾದರೂ ಹಳೆಯ ಚುರುಕು ಮರಳದವರು ಅವರಲ್ಲೇ ಹೆಚ್ಚು.

ನನ್ನ ತಾಯಿಯ ಹೃದಯದ ಕವಾಟದ ಆಪರೇಷನ್ ಆದಾಗ ಆಸ್ಪತ್ರೆಯವರು ಅವರ ಕನ್ನಡಕ, ಕಿವಿಯ ಮೆಷಿನ್, ಹಲ್ಲಿನ ಸೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟರು. ಜೋಪಾನವಾಗಿ ಮನೆಗೆ ತಂದು ಬೀರುವಿನಲ್ಲಿಟ್ಟೆವು. ಎರಡನೆಯ ರಾತ್ರಿ ಅವರು ಐಸಿಯುವಿನಲ್ಲಿ, ಕರು ಬಿಚ್ಚಿಕೊಂಡಿದೆ, ಕಟ್ಟಿ ಎಂದು ಕೂಗಿದರಂತೆ. ನಾವು ಹೋಗುವಷ್ಟರಲ್ಲಿ ಅವರ ಕೈಗಳನ್ನೇ ಕಟ್ಟಿದ್ದರು. ಕಟ್ಟಿದಷ್ಟೂ ಗಾಬರಿ ಹೆಚ್ಚುತ್ತದೆ ಎಂದು ನನಗೂ ಆಗ ತಿಳಿದಿರಲಿಲ್ಲ. ಬೆಳಿಗ್ಗೆ ಮೆಷಿನ್ ಹಾಕಿದ ಮೇಲೆ, ಗುಣವಾದರು ಎನ್ನಲಾರೆ, ಕೇಳಿದ್ದಕ್ಕೆ ಉತ್ತರ ಕೊಡತೊಡಗಿದರು. ಕಣ್ಣು ಮಂಜು, ಕಿವಿ ಮಂದ, ಹಗಲು ರಾತ್ರಿ ಒಂದೇ ದೀಪ, ಸುತ್ತ ಅಪರಿಚಿತ ಮುಖಗಳು. ಯಾರಿಗಾದರೂ ದಿಕ್ಕು ತಪ್ಪದೇ?

ಇದಕ್ಕೆ ಆಧಾರವೂ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಶರಾನ್ ಇನೌಯೆ ಮತ್ತು ಸಂಗಡಿಗರು 70 ದಾಟಿದ 852 ರೋಗಿಗಳಲ್ಲಿ ಅರ್ಧ ಮಂದಿಗೆ ಕನ್ನಡಕ, ಶ್ರವಣ ಸಾಧನ, ಸಾಕಷ್ಟು ನೀರು, ಬೇಗ ನಡೆಸುವುದು, ಮಾತ್ರೆಯ ಬದಲು ಬಿಸಿ ಹಾಲು ಕೊಟ್ಟು ಮಲಗಿಸುವುದು, ಇಷ್ಟನ್ನು ನಿಷ್ಠೆಯಿಂದ ಮಾಡಿಸಿದರು. ಸನ್ನಿ ನೂರಕ್ಕೆ 15ರಿಂದ ಸುಮಾರು 10ಕ್ಕೆ ಇಳಿಯಿತು ಎಂದು 1999ರಲ್ಲಿ ಬರೆದರು. ಆ ರೋಗಿಗಳು ಸಾಮಾನ್ಯ ವಾರ್ಡಿನವರು, ಹೃದಯದ ಆಪರೇಷನ್ ಆದವರಲ್ಲ ಎಂಬುದನ್ನು ಹೇಳಿಬಿಡುತ್ತೇನೆ.

ಈಗ ನಿಮ್ಮ ಕೆಲಸ. ತಂದೆಯವರು ನುಂಗುವ ಮಾತ್ರೆಗಳನ್ನೆಲ್ಲ ಅರಿವಳಿಕೆ ವೈದ್ಯರ ಮುಂದೆ ಸುರಿಯಿರಿ. ಮುಖ್ಯವಾಗಿ ನಿದ್ದೆ ಮಾತ್ರೆ, ಶೀತಕ್ಕೆಂದು ಅಂಗಡಿಯಿಂದ ತಂದ, ತೂಕಡಿಕೆ ಬರಿಸುವ ಮಾತ್ರೆ. ದಿನಾ ಕುಡಿಯುವ ಅಭ್ಯಾಸವಿದ್ದರೆ ಮೇಷ್ಟ್ರ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಮದ್ಯವಾಗಲಿ ನಿದ್ದೆ ಮಾತ್ರೆಯಾಗಲಿ, ದಿಢೀರನೆ ನಿಂತರೆ ಅದರಿಂದಲೇ ಸನ್ನಿ ಬರಬಹುದು. ನೆನಪಿನ ಪರೀಕ್ಷೆಯನ್ನು ಆಪರೇಷನ್ನಿಗೆ ಮುಂಚೆಯೇ ಕನ್ನಡದಲ್ಲಿ ಮಾಡಿಸಿ. ಆಮೇಲೆ ಕುಸಿತವಾಯಿತೇ ಎಂದು ಅಳೆಯಲು ಬೇರೆ ಕೋಲಿಲ್ಲ.

ಕೂಗಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಸದ್ದಿಲ್ಲದ ಸನ್ನಿಯೂ ಇದೆ: ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುವುದು, ಮಾತಿನ ನಡುವೆ ಎತ್ತಲೋ ಹೋಗುವುದು. ಪಾಪ, ಸುಸ್ತಾಗಿದ್ದಾರೆ ಎಂದು ಬಂದವರು ಮರಳುತ್ತಾರೆ. ಅದನ್ನು ಅಮ್ಮನಷ್ಟು ಬೇಗ ಹಿಡಿಯಬಲ್ಲವರು ಆ ಕಟ್ಟಡದಲ್ಲಿ ಯಾರೂ ಇರುವುದಿಲ್ಲ. ಭೇಟಿಯ ಹೊತ್ತನ್ನು ಅವರಿಗೇ ಬಿಡಿ. ದಿನ, ವಾರ, ಸಾಗರದ ಮಳೆ ಎಲ್ಲವನ್ನೂ ಹೇಳಲಿ. ಅನುಮಾನ ಬಂದ ಕೂಡಲೇ ನರ್ಸಿಗೆ ತಿಳಿಸಲಿ.

ಹಲ್ಲಿನ ಸೆಟ್ಟಿನ ಡಬ್ಬಿಯ ಮೇಲೆ ಹೆಸರು ಬರೆದು ಅಂಟಿಸಿ. ನಮ್ಮದು ಎರಡನೆಯ ಸಲ ಕಳಿಸಿದಾಗ ಕಳೆದುಹೋಯಿತು.