ಸಣ್ಣ ವಿಮಾನಗಳಲ್ಲಿ ಗುಂಪಾಗಿ ಹಾರುವ ಮುನ್ನ ಏನು ತಯಾರಿ ಬೇಕು?

ತಯಾರಿಯ ಬಹುಪಾಲು ನೆಲದ ಮೇಲೆಯೇ ಮುಗಿಯಬೇಕು. ಮುಂದಾಳು ಯಾರು, ಯಾರ ಸ್ಥಾನ ಎಲ್ಲಿ, ರೇಡಿಯೊ ಆವರ್ತನ ಯಾವುದು ಎಂಬುದೆಲ್ಲ ಎಂಜಿನ್ ಚಾಲೂ ಮಾಡುವ ಮೊದಲೇ ಎಲ್ಲರಿಗೂ ಗೊತ್ತಿರಲಿ.

ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದು, ಮುಂದಿನ ವಿಮಾನ ಕಣ್ಮರೆಯಾದರೆ ಏನು ಮಾಡಬೇಕೆಂಬುದು. ಅಂದಾಜಿನ ಮೇಲೆ ಹುಡುಕುತ್ತಾ ಹತ್ತಿರ ಹೋಗಲೇಬಾರದು. ತಕ್ಷಣ ರೇಡಿಯೊದಲ್ಲಿ ತಿಳಿಸಿ, ಮೊದಲೇ ಗೊತ್ತುಪಡಿಸಿದ ದಿಕ್ಕಿಗೆ ದೂರ ಸರಿಯಬೇಕು. ಮತ್ತೆ ಸೇರುವುದು ಆ ವಿಮಾನ ಕಣ್ಣಿಗೆ ಬಿದ್ದು, ಮುಂದಾಳು ಒಪ್ಪಿದ ಮೇಲೆಯೇ. ಅಂತರ ಕಾಯುವ ಹೊಣೆ ಹಿಂಬಾಲಿಸುವವರದು.

ಮುಂದಾಳು ಎಂಜಿನ್ನಿನ ಪೂರ್ಣ ಶಕ್ತಿ ಬಳಸಬಾರದು. ಬಳಸಿದರೆ ಹಿಂದುಳಿದವರು ಬಂದು ಸೇರಲಾರರು. ವಾಪಸಾಗುವ ಸಮಯವನ್ನು ಇಂಧನ ಬೇಗ ತೀರುವ ವಿಮಾನವೇ ನಿರ್ಧರಿಸಲಿ. ಇದನ್ನು ಓದಿ ಕಲಿಯಲಾಗದು. ಅನುಭವಿ ತರಬೇತುದಾರರೊಂದಿಗೆ ಎರಡೇ ವಿಮಾನಗಳಿಂದ ಆರಂಭಿಸಿ.