ಖಾಲಿ ರೀಲಿನ ಅಂಚಿನ ಅಕ್ಷರ

ಹೊಟ್ಟೆಪಾಡಿಗೊಂದು ಕೆಲಸ, ಮನಸ್ಸಿಗೊಂದು ಕೆಲಸ ಎಂದು ಎರಡನ್ನು ಇಟ್ಟುಕೊಂಡವರು ಆಪ್ತಸಲಹೆಗೆ ಬರುವುದು ಹೆಚ್ಚಾಗಿ ಎರಡನೆಯದು ಕೆಟ್ಟಾಗ. ಮೊದಲನೆಯದು ಕೆಟ್ಟರೆ ಗಿರಾಕಿಯೊಂದಿಗೆ ಜಗಳವಾಡಿಯೋ ಸಾಲ ಮಾಡಿಯೋ ಹೇಗೋ ದಾಟುತ್ತಾರೆ. ಎರಡನೆಯದು ಕೆಟ್ಟರೆ ‘ನಾನೇ ಸರಿಯಿಲ್ಲ’ ಎನ್ನುತ್ತಾರೆ. ಬ್ಲೌಸ್ ಹೊಲಿಯುತ್ತ ಕಸೂತಿ ಕಲಿಯುವವರು, ಮದುವೆ ಬ್ಯಾಂಡಿನಲ್ಲಿ ಊದುತ್ತ ರಾಗ ಕಲಿಯುವವರು ಹೇಳುವುದು ಇದನ್ನೇ. ಈ ಸಲ ಹೇಳಿದವರು ಒಬ್ಬ ಫೋಟೊಗ್ರಾಫರ್. ಆಕೆಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ.

ಬೀದರಿನವರು, ಮೂವತ್ತರೊಳಗಿನ ವಯಸ್ಸು. ಮದುವೆಗಳಲ್ಲಿ ಆಕೆಯ ತಮ್ಮ ವಿಡಿಯೊ ನೋಡಿಕೊಳ್ಳುತ್ತಾನೆ, ಆಕೆ ಫೋಟೊ. ಹೆಣ್ಣುಮಕ್ಕಳ ಕಡೆಯ ಶೂಟ್‌ಗೆ ಹೆಣ್ಣುಮಗಳೇ ಬರಲಿ ಎನ್ನುವ ಮನೆಗಳು ನಮ್ಮ ಕಡೆ ಬಹಳ. ಅರಿಷಿಣ, ಮೆಹಂದಿ, ನಿಕಾಹ್‌ದ ಜನಾನಾ ಎಂದು ಆಕೆಗೆ ಕೆಲಸಕ್ಕೆ ಕೊರತೆಯಿಲ್ಲ. ಒಂದು ಮದುವೆಗೆ ಎರಡು-ಮೂರು ಸಾವಿರ ಫೈಲು. ಆರಿಸಬೇಕು, ಬಣ್ಣ ಸರಿಮಾಡಬೇಕು, ಕರಿಜ್ಮಾ ಆಲ್ಬಮ್‌ಗೆ ಹಾಳೆ ಜೋಡಿಸಬೇಕು. ಬಂದಾಗ ಮೂರು ಆಲ್ಬಮ್ ಗಡುವು ಮೀರಿದ್ದವು, ಫೋನು ಸೈಲೆಂಟಿನಲ್ಲಿತ್ತು, ರಾತ್ರಿ ಮೂರು ತಾಸಿನ ನಿದ್ದೆ. ಇದರ ನಡುವೆ ಹಳೆಯದೊಂದು ರೀಲಿನ ಕ್ಯಾಮರಾ, ಪೆಂಟಾಕ್ಸ್ ಕೆ1000, ಕೊಂಡು, ಬಿದ್ರಿ ಕೆಲಸಗಾರರ ಕೈಗಳ ಮೇಲೆ ಕಪ್ಪು-ಬಿಳುಪು ಸರಣಿ ಮಾಡುತ್ತಿದ್ದರು. ಒಂದು ರೀಲಿಗೆ ಸಾವಿರದ ಸನಿಹ ಹೋಗುತ್ತದೆ. ತಮ್ಮನ ತಕರಾರು ಅಲ್ಲಿಂದಲೇ ಶುರು.

ನಿದ್ದೆ, ಊಟ, ಸಾಯುವ ಯೋಚನೆ ಇವನ್ನು ಮೊದಲ ಭೇಟಿಯಲ್ಲಿ ನೇರವಾಗಿ ಕೇಳುತ್ತೇನೆ, ಸುತ್ತಿ ಬಳಸಿ ಕೇಳುವುದಿಲ್ಲ. ಸಾಯುವ ಯೋಚನೆ ಇರಲಿಲ್ಲ. ಇದ್ದಿದ್ದರೆ ಮನೋವೈದ್ಯರೇ ಮೊದಲ ಹೆಜ್ಜೆ. ಓದುವವರಲ್ಲಿ ಯಾರಿಗಾದರೂ ಹಾಗಿದ್ದರೆ ಟೆಲಿಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಭೇಟಿಯಲ್ಲಿ ಕೊಟ್ಟ ಸಲಹೆ ತಪ್ಪಾಯಿತು. ಸೀಸನ್ ಮುಗಿಯುವವರೆಗೆ ರೀಲಿನ ಕ್ಯಾಮರಾ ಕಪಾಟಿನಲ್ಲಿಡಿ ಎಂದಿದ್ದೆ. ತಲೆಯ ಮೇಲಿನ ಹೊರೆಗಳಲ್ಲಿ ಅದೂ ಒಂದು ಎಂದು ಎಣಿಸಿದ್ದೆ. ಆಕೆ ಹೂಂ ಎಂದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಬಚ್ಚಲಲ್ಲಿ ರೀಲು ತೊಳೆಯುವುದನ್ನು, ಅಂದರೆ ಡೆವಲಪ್ ಮಾಡುವುದನ್ನು, ಮುಂದುವರಿಸಿದರು. ಯಾರೂ ಫೋನು ಮಾಡಿ ‘ಎಲ್ಲಿಗೆ ಬಂತು’ ಎಂದು ಕೇಳದ ಕೆಲಸ ಆಕೆಗೆ ಅದೊಂದೇ ಇತ್ತು. ಅದನ್ನು ಕಸಿಯಲು ಹೋಗಿ ಅದಕ್ಕೆ ಕಳ್ಳತನದ ಬಣ್ಣ ಬಳಿದಂತಾಯಿತು.

ನಾಲ್ಕನೇ ಭೇಟಿಗೆ ಆಕೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ನೆಗೆಟಿವ್ ತಂದಿದ್ದರು. ಮೇಜಿನ ಮೇಲಿಟ್ಟು ಹೇಳಿದರು: “ಇದು ನೋಡ್ರಿ ಮೇಡಂ. ನಂದು ಅಂತ ಮಾಡಿದ್ದು ಇದೊಂದೇ ಇತ್ತು. ಏನೂ ಇಲ್ಲ ಇದ್ರಾಗ. ನನ್ನಂಗೇ ಖಾಲಿ ಅದ.”

ಎರಡು ದಿನ ಒಬ್ಬ ಹಿರಿಯ ಕೆಲಸಗಾರರ ಪಕ್ಕ ಕೂತು ತೆಗೆದ ರೀಲು ಅದು. ಸತು-ತಾಮ್ರದ ಪಾತ್ರೆಗೆ ಮೈಲುತುತ್ತ ಸವರಿ ಕಪ್ಪಾಗಿಸಿ ಅದರ ಮೇಲೆ ಚಿತ್ರ ಗೀರುವುದು, ಉಳಿಯಿಂದ ಕೊರೆಯುವುದು, ಬೆಳ್ಳಿ ತಂತಿ ಕೂರಿಸುವುದು, ಅರದಿಂದ ಉಜ್ಜಿ ನಯಮಾಡುವುದು, ಕಡೆಗೆ ಬಿಸಿಮಾಡಿ ಕೋಟೆ ಮಣ್ಣು ಮತ್ತು ನವಸಾಗರ ಸೇರಿಸಿ ತಿಕ್ಕುವುದು. ಆ ತಿಕ್ಕಿನಲ್ಲಿ ಲೋಹ ಕರ್ರಗಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಎಲ್ಲವೂ ಆ ರೀಲಿನ ಮೂವತ್ತಾರು ಫ್ರೇಮಿನಲ್ಲಿ ಇರಬೇಕಿತ್ತು.

ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಉದ್ದಕ್ಕೂ ಗಾಜಿನಂತೆ ತಿಳಿ. ಆದರೆ ಒಂದು ತುದಿಯಲ್ಲಿ ಕೆಲವು ಬೆರಳಗಲ ಇದ್ದಿಲಿನಂತೆ ಕಪ್ಪಿತ್ತು. ತೂತುಗಳ ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರಗಳು ಚೂಪಾಗಿ ನಿಂತಿದ್ದವು. ಈ ಕಸುಬು ನನಗೆ ಗೊತ್ತಿದ್ದದ್ದು ಉಪಯೋಗಕ್ಕೆ ಬಂತು.

“ಖಾಲಿ ಅಂದ್ರಿ. ಅಂಚಿನಾಗ ಏನೋ ಬರದದಲ್ಲ, ಓದ್ರಿ.”

“ಇಲ್ಫೋರ್ಡ್ ಎಚ್‌ಪಿ5 ಪ್ಲಸ್... ಹದಿನಾರು, ಹದಿನಾರು ಎ...”

“ಈ ಅಕ್ಷರ ಮೂಡಿಸಿದವರು ಯಾರು?”

“ಕಂಪನಿಯವರು.”

“ಅವರು ಬೆಳಕಿನಿಂದ ಬರದು ಕಳಸ್ತಾರ, ಅಷ್ಟೇ. ತೊಳಿಯೋತನಕ ಅದು ಕಾಣಂಗಿಲ್ಲ. ತೊಳದವರು ಯಾರು?”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೇ” ಎಂದರು.

ಖಾಲಿ ಬಂದ ರೀಲಿನಲ್ಲಿ ಮೊದಲು ನೋಡಬೇಕಾದದ್ದು ಈ ಅಂಚನ್ನೇ. ಅಕ್ಷರವೂ ಇಲ್ಲದೆ ಪೂರ್ತಿ ತಿಳಿಯಾಗಿದ್ದರೆ ತಪ್ಪು ತೊಳೆಯುವಲ್ಲಿ ಆಗಿದೆ: ಚಿತ್ರ ಮೂಡಿಸುವ ಔಷಧ ಡೆವಲಪರ್ ಸತ್ತಿದೆ, ಅಥವಾ ಮೂಡಿದ್ದನ್ನು ಕಾಯಂ ಮಾಡುವ ಫಿಕ್ಸರ್ ಮೊದಲು ಸುರಿದಿದ್ದಾರೆ. ಅಕ್ಷರ ಚೂಪಾಗಿದ್ದು ಚಿತ್ರ ಮಾತ್ರ ಇಲ್ಲದಿದ್ದರೆ ತೊಳೆದದ್ದು ಸರಿ, ರೀಲಿಗೆ ಬೆಳಕೇ ಬಿದ್ದಿಲ್ಲ. ಅಂಚೂ ಸೇರಿ ಪೂರ್ತಿ ಕಪ್ಪಾಗಿದ್ದರೆ ಎಲ್ಲೋ ಬೆಳಕು ನುಗ್ಗಿದೆ. ಅರ್ಧಚಂದ್ರದ ಕಲೆಯಿದ್ದರೆ ತೊಳೆಯುವ ಟ್ಯಾಂಕಿನೊಳಗಿನ ಸುರುಳಿ ಚೌಕಟ್ಟಾದ ಸ್ಪೈರಲ್‌ಗೆ ಏರಿಸುವಾಗ ಫಿಲ್ಮ್ ಮಡಚಿದೆ. ಹಾಲಿನಂಥ ತೇಪೆ ಉಳಿದಿದ್ದರೆ ಎರಡು ಸುತ್ತು ಒಂದಕ್ಕೊಂದು ಅಂಟಿ ಅಲ್ಲಿಗೆ ಫಿಕ್ಸರ್ ಮುಟ್ಟಿಲ್ಲ. ಆಕೆಯ ರೀಲಿನ ತುದಿ ಕಪ್ಪಾದದ್ದು ಕ್ಯಾಮರಾಕ್ಕೆ ಹಾಕುವಾಗ ಹಗಲು ಬೆಳಕು ಕಂಡದ್ದರಿಂದ. ಬೆಳಕು ಕಂಡ ಕಡೆ ಕಪ್ಪಾಗಿದೆ, ಕಾಣದ ಕಡೆ ತಿಳಿಯಾಗಿದೆ. ಕೈ ತಪ್ಪಿಲ್ಲ.

“ಫಿಲ್ಮ್ ಸರಿಸೋ ಲಿವರ್ ಎಳೆಯೋವಾಗ ಎಡಗಡಿ ರಿವೈಂಡ್ ಗುಂಡಿ ತಿರಗ್ತಿತ್ತೇನು?”

“ಅದು ತಿರಗ್ತದೇನ್ರೀ? ನೋಡೇ ಇಲ್ಲ.” ಆಮೇಲೆ ತಾವೇ ಹೇಳಿದರು: “ಎಣಿಕಿ ಮೂವತ್ತಾರು ದಾಟಿದ್ರೂ ಲಿವರ್ ಬಿಗಿ ಆಗ್ಲಿಲ್ಲ. ಎರಡು ಫೋಟೊ ಫುಕಟ್ ಸಿಕ್ಕವು ಅಂತ ಖುಷಿ ಪಟ್ಟಿದ್ದೆ.”

ಫಿಲ್ಮಿನ ನಾಲಿಗೆ, ಅಂದರೆ ಅದರ ಮೊದಲ ತುದಿ, ಫಿಲ್ಮ್ ಸುತ್ತಿಕೊಳ್ಳುವ ಬಲಗಡೆಯ ಸ್ಪೂಲಿನಿಂದ ಜಾರಿತ್ತು. ಎಣಿಕೆಯ ಮುಳ್ಳು ಲಿವರಿನ ಜೊತೆ ಓಡುತ್ತದೆ, ಫಿಲ್ಮ್ ಸರಿಯಿತೋ ಇಲ್ಲವೋ ಅದಕ್ಕೆ ಗೊತ್ತಾಗದು. ಮೂವತ್ತೆಂಟು ಸಲ ಶಟರ್ ತೆರೆದದ್ದೂ ಫಿಲ್ಮಿನ ಅದೇ ಕಪ್ಪು ನಾಲಿಗೆಯ ಮೇಲೆ. ವಾಪಸು ಸುತ್ತುವಾಗ ಎರಡೇ ಸುತ್ತಿಗೆ ಸಡಿಲಾಗಿದ್ದೂ ಆಕೆಗೆ ಆಗ ನೆನಪಾಯಿತು.

ಇಲ್ಲಿ ಆಕೆ ಹಗುರಾಗುತ್ತಾರೆ ಎಂದುಕೊಂಡಿದ್ದೆ. ಅತ್ತರು. “ಹಂಗಾದ್ರ ಚಾಚಾಗ ಏನು ಹೇಳ್ಲಿ? ಎರಡು ದಿನ ನನ್ನ ಸಲುವಾಗಿ ಕೆಲಸ ನಿಲ್ಲಿಸಿ ನಿಲ್ಲಿಸಿ ತೋರ್ಸ್ಯಾರ.”

ಗಂಟು ಇದ್ದದ್ದು ಅಲ್ಲಿ. ಮೂರು ಮನೆಯವರ ಫೋನು ಎತ್ತದ ಕೈಯೂ ಚಾಚಾನ ಓಣಿ ತಪ್ಪಿಸಿ ಓಡಾಡುವ ಕಾಲೂ ಒಂದೇ ಕಾರಣಕ್ಕೆ ಹಿಂಜರಿಯುತ್ತಿದ್ದವು: ಕಾದು ಕೂತವರಿಗೆ ‘ಆಗಿಲ್ಲ’ ಎಂದು ಹೇಳಬೇಕಲ್ಲ ಎಂಬ ಹೆದರಿಕೆ. ‘ನಾನು ಖಾಲಿ’ ಎಂದು ನಂಬಿದವರು ಇನ್ನೊಬ್ಬರ ಬಾಗಿಲಿಗೆ ಹೋಗಿ ಏನು ಹೇಳಿಯಾರು? ‘ಫಿಲ್ಮ್ ಸ್ಪೂಲಿಗೆ ಕಚ್ಚಿರಲಿಲ್ಲ’ ಎಂದಾದರೆ ಹೇಳಬಹುದು. ಅದು ಒಂದು ವಾಕ್ಯ, ಅದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ. ಆ ದಿನದ ಸಲಹೆಯೆಲ್ಲ ಇದರ ಮೇಲೆಯೇ ನಿಂತಿತು.

ಮೊದಲು ಚಾಚಾ. ಖಾಲಿ ಫಿಲ್ಮನ್ನು ಕೈಯಲ್ಲೇ ಒಯ್ದು ತೋರಿಸಿ, ಕಾರಣವನ್ನು ಒಂದೇ ಮಾತಿನಲ್ಲಿ ಹೇಳಿ, ಮತ್ತೆ ಅರ್ಧ ದಿನ ಕೇಳುವುದು. ಕ್ಷಮೆಯನ್ನು ಉದ್ದ ಮಾಡಬಾರದು. ಉದ್ದವಾದ ಕ್ಷಮೆ ಎದುರಿನವರ ತಲೆಗೆ ಸಮಾಧಾನ ಮಾಡುವ ಕೆಲಸ ಹಚ್ಚುತ್ತದೆ.

ಆಮೇಲೆ ಆಲ್ಬಮ್‌ನವರು. ಫೋನಿನಲ್ಲಿ ಹೇಳಬೇಕಾದದ್ದು ಮೂರೇ: ಏನು ಮುಗಿದಿದೆ, ಏನು ಉಳಿದಿದೆ, ಯಾವ ತಾರೀಖು. “ಅಕ್ಕಾರ, ಫೋಟೊ ಆರಿಸಿ ಮುಗದದ, ಹಾಳಿ ಜೋಡಿಸೋದು ಉಳದದ, ಇಪ್ಪತ್ತನೇ ತಾರೀಖಿಗೆ ಡಿಸೈನ್ ಕಳಸ್ತೀನಿ” ಎಂದು ಬರೆದುಕೊಂಡು ಓದಿದರೂ ನಡೆಯುತ್ತದೆ. ತಾರೀಖು ಮನಸ್ಸಿಗೆ ಬಂದದ್ದಕ್ಕಿಂತ ನಾಲ್ಕು ದಿನ ಆಚೆಗಿರಲಿ. ಸಿಟ್ಟಿಗೇಳದ ಮನೆಯವರಿಂದ ಶುರುಮಾಡಬೇಕು, ಅತಿ ಜೋರಿನವರಿಗೆ ಮೊದಲು ಮಾಡಿದರೆ ಉಳಿದೆರಡು ಫೋನು ಆಗುವುದಿಲ್ಲ.

ರೀಲಿನ ಕೆಲಸವನ್ನು ಈ ಸಲ ನಿಲ್ಲಿಸಿ ಎನ್ನಲಿಲ್ಲ, ಬೇಲಿ ಹಾಕಿದೆ. ವಾರಕ್ಕೆ ಒಂದು ಬೆಳಗ್ಗೆ, ತಮ್ಮನಿಗೂ ಗೊತ್ತಿರುವ ಬೆಳಗ್ಗೆ. ಹತ್ತು ರೀಲಿನವರೆಗೆ ಅದೇ ಕ್ಯಾಮರಾ, ಅದೇ 50 ಎಂಎಂ ಲೆನ್ಸು, ಅದೇ ಎಚ್‌ಪಿ5, ಅದೇ ಡಿ-76 ಡೆವಲಪರ್. ನಾಲ್ಕನ್ನೂ ಒಟ್ಟಿಗೆ ಬದಲಿಸುತ್ತ ಹೋದರೆ ಯಾವುದು ಕೆಟ್ಟಿತೆಂದು ತಿಳಿಯುವುದೇ ಇಲ್ಲ. ತಿಳಿಯದ ತಪ್ಪು ಮನಸ್ಸಿಗೆ ಹತ್ತುತ್ತದೆ. ದುಡ್ಡು ಪಡೆದ ಮದುವೆಗೆ ಈ ಕ್ಯಾಮರಾ ಒಯ್ಯುವಂತಿಲ್ಲ. ‘ಎರಡು ಫ್ರೇಮ್ ಇದರಾಗೂ’ ಎಂಬ ಆಸೆಯಲ್ಲಿ ಅಕ್ಷತೆಯ ಗಳಿಗೆ ತಪ್ಪಿಸಿಕೊಂಡವರಿದ್ದಾರೆ.

ಹಾಕುವ ಕ್ರಮವನ್ನು ಆಕೆಯ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿದೆ. ನಾಲಿಗೆಯನ್ನು ಸ್ಪೂಲಿನ ಸೀಳಿಗೆ ತೂರಿಸಿ, ಹಿಂಬಾಗಿಲು ತೆರೆದಿರುವಾಗಲೇ ಒಂದು ಸಲ ಲಿವರ್ ಎಳೆದು, ಮೇಲಿನ ಕೆಳಗಿನ ಎರಡೂ ಹಲ್ಲುಸಾಲು ತೂತಿಗೆ ಕೂತದ್ದನ್ನು ನೋಡಬೇಕು. ಬಾಗಿಲು ಮುಚ್ಚಿ, ರಿವೈಂಡ್ ಹಿಡಿಕೆಯನ್ನು ಬಾಣದ ದಿಕ್ಕಿಗೆ ಮೆಲ್ಲಗೆ ತಿರುವಿ ಸಡಿಲು ತೆಗೆಯಬೇಕು. ಮುಂದೆ ಲಿವರ್ ಎಳೆದಾಗಲೆಲ್ಲ ಆ ಗುಂಡಿ ಹಿಮ್ಮುಖ ತಿರುಗಬೇಕು. ತಿರುಗದಿದ್ದರೆ ಅಲ್ಲೇ ನಿಲ್ಲಬೇಕು.

ತೊಳೆಯುವುದನ್ನು ನಡುರಾತ್ರಿಯಿಂದ ನಸುಕಿಗೆ ಸರಿಸಿದ್ದು ನಿದ್ದೆಯ ಸಲುವಾಗಿ ಮಾತ್ರ ಅಲ್ಲ. ನಮ್ಮ ಬೇಸಿಗೆಯಲ್ಲಿ ಬೆಳಕು ನುಗ್ಗದ ಚೇಂಜಿಂಗ್ ಬ್ಯಾಗಿನೊಳಗೆ ಕೈ ಬೆವರಿ, ಹಸಿಯಾದ ಫಿಲ್ಮ್ ಪ್ಲಾಸ್ಟಿಕ್ ಸ್ಪೈರಲ್‌ನಲ್ಲಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಹಾಗಾದರೆ ಎಳೆದಾಡದೆ ಎಲ್ಲವನ್ನೂ ಟ್ಯಾಂಕಿಗೆ ಹಾಕಿ ಮುಚ್ಚಳ ಬಿಗಿದು, ಕೈ ಹೊರಗೆ ತೆಗೆದು ಒರೆಸಿ, ಆಮೇಲೆ ಮತ್ತೆ. ಸಮಯದ ಪಟ್ಟಿಗಳೆಲ್ಲ 20 ಡಿಗ್ರಿಗೆ ಬರೆದವು. ಎಚ್‌ಪಿ5ಗೆ ಡಿ-76 ನೀರು ಬೆರೆಸದೆ ಗಟ್ಟಿಯಾಗಿಯೇ ಬಳಸಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ನೀರು ಬಿಸಿಯಾದಷ್ಟೂ ಆ ಸಮಯ ಇಳಿಯುತ್ತದೆ, ಐದು ನಿಮಿಷಕ್ಕಿಂತ ಕೆಳಗೆ ಹೋದರೆ ಪಟ್ಟೆಪಟ್ಟೆಯಾಗಿ ಬರುವ ಭಯ. ಅದಕ್ಕೆ ಸಮಪಾಲು ನೀರು ಬೆರೆಸುವುದು ಮೇಲು, 150 ಮಿಲಿ ಔಷಧಕ್ಕೆ 150 ಮಿಲಿ ನೀರು. ಆಗ 20 ಡಿಗ್ರಿಗೆ 11 ನಿಮಿಷ, 24ಕ್ಕೆ ಸುಮಾರು 8. ತಂಪು ಮಾಡಲು ಐಸನ್ನು ಔಷಧಕ್ಕೆ ಹಾಕಬಾರದು, ಬಾಟಲಿಗಳನ್ನು ಐಸ್ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಬೇಕು. ಫಿಕ್ಸರ್ ಆದ ಮೇಲೆ ನಳ ಬಿಟ್ಟುಕೊಂಡು ಕೂರುವ ಅಗತ್ಯವೂ ಇಲ್ಲ: ಟ್ಯಾಂಕ್ ತುಂಬಿ ಐದು ಸಲ ಮೇಲೆ ಕೆಳಗೆ ಮಾಡಿ ಚೆಲ್ಲುವುದು, ಹೊಸ ನೀರಿಗೆ ಹತ್ತು ಸಲ, ಮತ್ತೆ ಹೊಸ ನೀರಿಗೆ ಇಪ್ಪತ್ತು ಸಲ. ಬೋರಿನ ನೀರು ಗಡಸಾಗಿದ್ದರೆ ಒಣಗಿದ ಮೇಲೆ ಬಿಳಿ ಚುಕ್ಕೆ ಉಳಿಯುತ್ತವೆ, ಕೊನೆಯ ಅದ್ದಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು.

ಇದನ್ನು ಓದಿದ ಒಬ್ಬ ಸಹೋದ್ಯೋಗಿ, “ನೀವು ಸಲಹೆಗಾರರೋ ಸ್ಟುಡಿಯೊದವರೋ?” ಎಂದರು. ಖಾಲಿ ಫಿಲ್ಮ್ ಆಕೆಗೆ ಏನಾಗಿ ಕಂಡಿತು ಎಂಬುದನ್ನು ಮೊದಲು ಬಿಡಿಸಬೇಕಿತ್ತು ಎಂಬುದು ಅವರ ಆಕ್ಷೇಪ. ಬಿಡಿಸಿದೆ, ಆದರೆ ಆಮೇಲೆ. ಫಿಲ್ಮು ಆಕೆಯಂತೆ ಖಾಲಿ ಎಂಬ ಮಾತನ್ನು ಆ ಗಳಿಗೆಯಲ್ಲಿ ಒಪ್ಪಿಕೊಂಡು ಅದರ ಒಳಾರ್ಥಕ್ಕೆ ಇಳಿದಿದ್ದರೆ, ಸುಳ್ಳೊಂದರ ಮೇಲೆ ಕೂತು ಇಬ್ಬರೂ ಮಾತಾಡಿದಂತಾಗುತ್ತಿತ್ತು. ಆ ಫಿಲ್ಮ್ ಖಾಲಿಯಾಗಿರಲಿಲ್ಲ. ಕೈಕಸುಬಿನವರು ವಸ್ತುವನ್ನು ಮುಂದಿಟ್ಟು ಮಾತಾಡುವಾಗ ಸಲಹೆಗಾರರು ವಸ್ತುವನ್ನು ನೋಡದೆ ಬರೀ ಮುಖ ನೋಡುವುದು ನನಗೆ ಒಪ್ಪಿಗೆಯಿಲ್ಲ. ಕಸುಬು ಗೊತ್ತಿಲ್ಲದಿದ್ದರೂ ‘ಇದು ಕೆಟ್ಟದ್ದು ಯಾವ ಹೆಜ್ಜೆಯಲ್ಲಿ?’ ಎಂದು ಕೇಳಬಹುದಲ್ಲ.

ಚಾಚಾ ಖಾಲಿ ಫಿಲ್ಮನ್ನು ತಿರುಗಿಸಿ ನೋಡಿ ನಕ್ಕರಂತೆ. ಬೆಳ್ಳಿ ಕೂರಿಸಿದ ಮೇಲೆ ತಂತಿ ಎದ್ದುಬಂದ ಒಂದು ತಟ್ಟೆಯನ್ನು ಗೂಡಿನಿಂದ ತೆಗೆದು ತೋರಿಸಿದರಂತೆ. ಎರಡನೇ ರೀಲಿನಲ್ಲಿ ಎಲ್ಲ ಫ್ರೇಮಿನಲ್ಲೂ ಚಿತ್ರ ಬಂದಿದೆ. ಹನ್ನೊಂದು ಫ್ರೇಮುಗಳಲ್ಲಿ ಮಾತ್ರ ಕಪ್ಪು ಹೂಜಿ ಬೂದಿಯಾಗಿ, ಬೆಳ್ಳಿಯ ಗೆರೆ ಬರೀ ಬಿಳಿ ಮಚ್ಚೆಯಾಗಿ ಕಂಡಿತು. ಮೀಟರನ್ನು ಹೂಜಿಗೇ ಹಿಡಿದಿದ್ದರು. ಕಪ್ಪನ್ನು ಕಂಡ ಮೀಟರ್ ಬೆಳಕು ಸಾಲದು ಎಂದು ತಿಳಿದು ಹೆಚ್ಚು ಕೇಳುತ್ತದೆ. ಆಕೆ ಫೋನು ಮಾಡಿದ್ದು ಅಳಲಿಕ್ಕಲ್ಲ, “ಮೀಟರ್ ಎಲ್ಲಿ ಹಿಡೀಲ್ರೀ?” ಎಂದು ಕೇಳಲಿಕ್ಕೆ. ಹೂಜಿಗೆ ಬೀಳುವ ಬೆಳಕಿನಲ್ಲೇ ಅಂಗೈ ಚಾಚಿ, ಅಂಗೈಗೆ ಹಿಡಿದು, ಅದು ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು ಬೆಳಕು ಕೊಡಿ ಎಂದೆ.

ಎರಡು ಆಲ್ಬಮ್ ಮನೆ ಮುಟ್ಟಿವೆ. ಮೂರನೆಯ ಮನೆಯವರಿಗೆ ಕೊಟ್ಟ ತಾರೀಖು ಮತ್ತೊಮ್ಮೆ ಮೀರಿದೆ, ಆ ಫೋನು ಇನ್ನೂ ಮಾಡಿಲ್ಲ. ಮುಂದಿನ ಶನಿವಾರ ಇಲ್ಲಿ ಕೂತೇ ಮಾಡುವುದು ಎಂದು ಮಾತಾಗಿದೆ.