ಪ್ರತಿಕ್ರಿಯೆ: ಬ್ಯೂಟಾಡೈಈನ್‌ನ ನಡುವಿನ ಬಂಧ ಯಾಕೆ ಗಿಡ್ಡ?

ನಿಮ್ಮ ಪ್ರಶ್ನೆ ಇದು: 1,3-ಬ್ಯೂಟಾಡೈಈನ್‌ನ (ನಾಲ್ಕು ಕಾರ್ಬನ್‌ಗಳ ಸರಪಳಿ, ಎರಡೂ ತುದಿಯಲ್ಲಿ ದ್ವಿಬಂಧ) ಸೈ2 ಕಕ್ಷಕದಲ್ಲಿ (ಕೆಳಗಿನಿಂದ ಎರಡನೇ ಪೈ ಕಕ್ಷಕ) ನಡುವಿನ ಎರಡು ಕಾರ್ಬನ್‌ಗಳಾದ ಸಿ2–ಸಿ3 ನಡುವೆ ನೋಡ್ (ಕಕ್ಷಕದ ಚಿಹ್ನೆ ಬದಲಾಗುವ, ಬೆಲೆ ಸೊನ್ನೆಯಾಗುವ ಜಾಗ) ಇದೆ, ಹಾಗಿದ್ದೂ ಅಲ್ಲಿ ಪೈ ಬಂಧದ (ಪಿ ಕಕ್ಷಕಗಳು ಪಕ್ಕಪಕ್ಕದಲ್ಲಿ ಬೆರೆತು ಆಗುವ ಬಂಧ) ಗುಣ ಹೇಗೆ ಉಳಿಯುತ್ತದೆ?

ನೀವು ಹೋಮೋ (ಎಲೆಕ್ಟ್ರಾನ್ ಇರುವ ಅತಿ ಮೇಲಿನ ಕಕ್ಷಕ, ಇಲ್ಲಿ ಸೈ2) ಒಂದನ್ನೇ ನೋಡುತ್ತಿದ್ದೀರಿ. ಸೈ1ರಲ್ಲೂ ಎರಡು ಎಲೆಕ್ಟ್ರಾನ್ ಕೂತಿವೆಯಲ್ಲ, ಅವನ್ನೂ ಲೆಕ್ಕಕ್ಕೆ ತನ್ನಿ. ಹ್ಯೂಕೆಲ್ ಗುಣಾಂಕಗಳು (ಹ್ಯೂಕೆಲ್‌ನ ಸರಳ ಲೆಕ್ಕದಲ್ಲಿ ಕಕ್ಷಕದೊಳಗೆ ಪ್ರತಿ ಕಾರ್ಬನ್‌ನ ಪಾಲು) ಹೀಗಿವೆ: ಸೈ1ಕ್ಕೆ 0.372, 0.602, 0.602, 0.372, ಸೈ2ಕ್ಕೆ 0.602, 0.372, −0.372, −0.602. ಅಕ್ಕಪಕ್ಕದ ಗುಣಾಂಕಗಳನ್ನು ಗುಣಿಸಿ, ಎಲೆಕ್ಟ್ರಾನ್ ಸಂಖ್ಯೆಯಿಂದ ಮತ್ತೆ ಗುಣಿಸಿ, ಕೂಡಿಸಿ; ಬರುವುದೇ ಆ ಬಂಧದ ಪೈ ಗುಣದ ಅಳತೆ. ಸಿ2–ಸಿ3ಕ್ಕೆ ಸೈ1 ಕೊಡುವುದು 2×0.602×0.602, ಅಂದರೆ 0.725. ಸೈ2 ಕಳೆಯುವುದು 2×0.372×0.372, ಅಂದರೆ 0.277. ಉಳಿದದ್ದು ಸುಮಾರು 0.45. ತುದಿಯ ಬಂಧಗಳಿಗೆ 0.89 ಬರುತ್ತದೆ. ನೋಡ್ ಇದೆ ನಿಜ, ಆದರೆ ಅದರ ಎರಡೂ ಬದಿ ಗುಣಾಂಕ ಚಿಕ್ಕದು, ಹಾಗಾಗಿ ಪೂರ್ತಿ ರದ್ದಾಗುವುದಿಲ್ಲ.

ಹೆಚ್ಚಿನವರು ಎಡವುವುದು ಆ 2 ಎಂಬ ಗುಣಕವನ್ನು ಮರೆತು, ಇಲ್ಲವೇ ಮೈನಸ್ ಚಿಹ್ನೆ ಬಿಟ್ಟು. ಪ್ರತಿ ಕಕ್ಷಕದ ಗುಣಾಂಕಗಳ ವರ್ಗಗಳ ಮೊತ್ತ 1 ಆಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಒಂದು ಎಚ್ಚರಿಕೆ. ಈ ನಡುವಿನ ಬಂಧದ ಉದ್ದ ಸುಮಾರು 1.47 ಆಂಗ್‌ಸ್ಟ್ರಾಮ್, ಈಥೇನ್‌ನ ಏಕಬಂಧದ್ದು 1.54. ಈ ವ್ಯತ್ಯಾಸವನ್ನೆಲ್ಲ ಪೈ ತಲೆಗೆ ಕಟ್ಟಬೇಡಿ. ಎಸ್‌ಪಿ2–ಎಸ್‌ಪಿ2 ಸಿಗ್ಮಾ ಬಂಧ (ದ್ವಿಬಂಧವಿರುವ ಎರಡು ಕಾರ್ಬನ್‌ಗಳ ನಡುವಿನ ನೇರ ಬಂಧ) ತಾನಾಗಿಯೇ ಎಸ್‌ಪಿ3–ಎಸ್‌ಪಿ3ಗಿಂತ (ಈಥೇನ್‌ನಂತೆ ಬರೀ ಏಕಬಂಧಗಳಿರುವ ಕಾರ್ಬನ್‌ಗಳದ್ದು) ಗಿಡ್ಡ. ಪಠ್ಯಪುಸ್ತಕಗಳು ಇದನ್ನು ಹಾರಿಸಿಬಿಡುವುದುಂಟು.

ಪುರುಸೊತ್ತಿದ್ದರೆ ಒಂದು ಎಲೆಕ್ಟ್ರಾನನ್ನು ಸೈ2ರಿಂದ ಅದರ ಮೇಲಿನ ಖಾಲಿ ಕಕ್ಷಕ ಸೈ3ಕ್ಕೆ (0.602, −0.372, −0.372, 0.602) ಏರಿಸಿ ಲೆಕ್ಕ ಹಾಕಿ. ನಡುವಿನ ಬಂಧ 0.72, ತುದಿಯವು 0.45: ಗಟ್ಟಿ ಬಂಧದ ಜಾಗವೇ ಅದಲು ಬದಲಾಗುತ್ತದೆ.